ವಾಡಿಯಾ ರಸ್ತೆಯಲ್ಲಿ ಓಡಾಡುವ ಡೆಲಿವರಿ ಹುಡುಗರಿಗೆ

ಬೆಂಗಳೂರಿನ ಬಸವನಗುಡಿಯಲ್ಲಿ ಬಿ.ಪಿ. ವಾಡಿಯಾ ರಸ್ತೆ ಇದೆ. ಸಾಹಿತ್ಯ, ಸಂಗೀತದ ಕಾರ್ಯಕ್ರಮಗಳಿಗೆ ಹೋಗುವವರಿಗೆ ಆ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಗೊತ್ತು. ಊಟದ ಹೊತ್ತಿನಲ್ಲಿ ನಿಂತು ನೋಡಿದರೆ, ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡ ಡೆಲಿವರಿ ಹುಡುಗರು ಒಬ್ಬರ ಹಿಂದೊಬ್ಬರಂತೆ ಅದೇ ರಸ್ತೆಯಲ್ಲಿ ಹಾದುಹೋಗುತ್ತಾರೆ. ಮೊಬೈಲಿನ ಮ್ಯಾಪಿನಲ್ಲಿ ಅವರು ದಿನಕ್ಕೆ ಹತ್ತಾರು ಸಲ ಆ ಹೆಸರನ್ನು ಓದಿರುತ್ತಾರೆ. ಆದರೆ ನಮ್ಮ ದೇಶದಲ್ಲಿ ಕೂಲಿಕಾರರು ಸಂಘ ಕಟ್ಟಿಕೊಂಡರೆ ಕಂಪನಿ ಅವರನ್ನು ಕೋರ್ಟಿಗೆ ಎಳೆಯದಂತೆ ಒಂದು ಕಾನೂನು ಬಂದಿದ್ದರ ಹಿಂದೆ ಈ ವಾಡಿಯಾ ಇದ್ದರು ಎಂಬುದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತು? ನಮ್ಮಲ್ಲೇ ಎಷ್ಟು ಜನಕ್ಕೆ ಗೊತ್ತು?

ಡೆಲಿವರಿ ಕಂಪನಿಗಳ ಕೆಲಸಗಾರರು ಯೂನಿಯನ್ ಸೇರಬೇಕೋ ಬೇಡವೋ ಎಂಬ ಚರ್ಚೆ ಈಗ ಕಾಲೇಜು ಕ್ಯಾಂಟೀನುಗಳಲ್ಲೂ ನಡೆಯುತ್ತಿದೆ. ನಮ್ಮ ಜೊತೆ ಓದುವವರೇ ಎಷ್ಟೋ ಮಂದಿ ಸಂಜೆ ಹೊತ್ತು ಈ ಕೆಲಸ ಮಾಡುತ್ತಾರೆ. ಡಿಗ್ರಿ ಮುಗಿಸಿ ಕೆಲಸ ಸಿಗುವವರೆಗೆ ಎಂದು ಸೇರಿ ವರ್ಷಗಟ್ಟಲೆ ಅಲ್ಲೇ ಉಳಿದವರೂ ಇದ್ದಾರೆ. ಈ ಚರ್ಚೆಗೆ ವಾಡಿಯಾ ಅವರ ಬದುಕಿನಲ್ಲಿ ಉತ್ತರವಿದೆ ಎಂದು ನನಗನ್ನಿಸುತ್ತದೆ. ಅವರ ಗೆಲುವಿನಲ್ಲಿ ಎಷ್ಟಿದೆಯೋ ಸೋಲಿನಲ್ಲೂ ಅಷ್ಟೇ ಇದೆ.

ಸುಳ್ಳು ಹೇಳಲಾರದೆ ಬಿಟ್ಟ ಕೆಲಸ

ಬಹಮನ್ ಪೆಸ್ತನ್‌ಜಿ ವಾಡಿಯಾ ಹುಟ್ಟಿದ್ದು 1881ರ ಅಕ್ಟೋಬರ್ 8ರಂದು, ಮುಂಬಯಿಯ ಪಾರ್ಸಿ ಕುಟುಂಬವೊಂದರಲ್ಲಿ. ಸೂರತ್ ಕಡೆಯಿಂದ ಬಂದು ಹಡಗು ಕಟ್ಟುವ ಕಸುಬಿನಲ್ಲಿ ಹೆಸರು ಮಾಡಿದ್ದ ಮನೆತನ ಅದು. ಹೈಸ್ಕೂಲು ಮುಗಿದ ಮೇಲೆ ತಂದೆ ಅವರನ್ನು ಬ್ರಿಟಿಷರ ಜವಳಿ ಕಂಪನಿಯೊಂದಕ್ಕೆ ಕೆಲಸ ಕಲಿಯಲು ಸೇರಿಸಿದರು. ಅಲ್ಲಿ ಮೇಲಧಿಕಾರಿ ಸುಳ್ಳು ಹೇಳಲು ಹೇಳಿದರೆಂದು ಹುಡುಗ ಕೆಲಸವನ್ನೇ ಬಿಟ್ಟುಬಂದ. ತಂದೆ ಬೈಯಲಿಲ್ಲ, ಮಗನ ಜೊತೆ ತಾವೇ ಜವಳಿ ದಲ್ಲಾಳಿ ವ್ಯವಹಾರ ಶುರುಮಾಡಿದರು. ಆದರೆ ಸ್ವಲ್ಪ ದಿನಗಳಲ್ಲೇ ಅವರು ತೀರಿಕೊಂಡರು. ನಮ್ಮ ವಯಸ್ಸಿನಲ್ಲಿ, ಅಂದರೆ ಇಪ್ಪತ್ತರ ಆಸುಪಾಸಿನಲ್ಲಿ, ವಾಡಿಯಾ ಮನೆಯನ್ನೂ ವ್ಯಾಪಾರವನ್ನೂ ಒಬ್ಬರೇ ನಡೆಸಿದರು.

ವ್ಯಾಪಾರ ಚೆನ್ನಾಗಿಯೇ ನಡೆಯಿತು, ಮನಸ್ಸು ಮಾತ್ರ ಅದರಲ್ಲಿ ನಿಲ್ಲಲಿಲ್ಲ. ಜಾತಿ, ಮತ, ಬಣ್ಣದ ಭೇದವಿಲ್ಲದೆ ಮನುಷ್ಯರೆಲ್ಲ ಸಹೋದರರು ಎಂದು ಸಾರುತ್ತಿದ್ದ ಥಿಯಾಸಫಿಕಲ್ ಸೊಸೈಟಿಯತ್ತ ಅವರು ವಾಲಿದರು. ವ್ಯವಹಾರವನ್ನು ಮಾರಿ ಅದರ ಕೆಲಸಕ್ಕೆ ನಿಂತರು. 1908ರಲ್ಲಿ ಮದರಾಸಿನ ಅಡಯಾರಿಗೆ ಬಂದು ಅನಿಬೆಸೆಂಟ್ ಅವರ ಜೊತೆ ಸೇರಿಕೊಂಡರು. ಬೆಸೆಂಟರ ನ್ಯೂ ಇಂಡಿಯಾ ಪತ್ರಿಕೆಯಲ್ಲಿ ದುಡಿದರು, ಹೋಂ ರೂಲ್ ಚಳವಳಿಗೆ ಇಳಿದರು. 1917ರ ಜೂನ್‌ನಲ್ಲಿ ಮದರಾಸು ಸರ್ಕಾರ ಬೆಸೆಂಟ್, ಅರುಂಡೇಲ್ ಮತ್ತು ವಾಡಿಯಾ ಮೂವರ ಮೇಲೂ ನಿರ್ಬಂಧದ ಆಜ್ಞೆ ಹೊರಡಿಸಿ, ಅವರನ್ನು ಉದಕಮಂಡಲದಲ್ಲಿ ಇರಿಸಿತು. ದೇಶದ ತುಂಬ ಪ್ರತಿಭಟನೆ ನಡೆದ ಮೇಲೆ ಸೆಪ್ಟೆಂಬರಿನಲ್ಲಿ ಬಿಡುಗಡೆಯಾಯಿತು.

ಅಷ್ಟರವರೆಗೆ ವಾಡಿಯಾ ಬರೆಯುವ, ಭಾಷಣ ಮಾಡುವ, ಓದಿದವರ ನಡುವೆ ಓಡಾಡುವ ನಾಯಕ. ಕೂಲಿಕಾರರ ಕೇರಿಗೂ ಅವರಿಗೂ ಹೆಚ್ಚಿನ ನಂಟಿರಲಿಲ್ಲ.

ಪೆರಂಬೂರಿನ ಮಿಲ್ಲಿನ ಗೇಟು

ಮದರಾಸಿನ ಪೆರಂಬೂರಿನಲ್ಲಿ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಎಂಬ ಎರಡು ಬಟ್ಟೆ ಗಿರಣಿಗಳಿದ್ದವು. ಜನರ ಬಾಯಲ್ಲಿ ಬಿ ಅಂಡ್ ಸಿ ಮಿಲ್ಲು. ನಡೆಸುತ್ತಿದ್ದದ್ದು ಬಿನ್ನಿ ಕಂಪನಿ. ಬೆಂಗಳೂರಿನ ಬಿನ್ನಿ ಮಿಲ್ಲಿಗೂ ಬಿನ್ನಿಪೇಟೆಗೂ ಹೆಸರು ಬಂದದ್ದು ಇದೇ ಕಂಪನಿಯಿಂದ. 1911ರ ಕಾರ್ಖಾನೆ ಕಾಯ್ದೆಯ ಪ್ರಕಾರ ಬಟ್ಟೆ ಗಿರಣಿಯಲ್ಲಿ ಗಂಡಾಳನ್ನು ದಿನಕ್ಕೆ 12 ಗಂಟೆ ದುಡಿಸಬಹುದಿತ್ತು. ದೂರದಿಂದ ನಡೆದು ಬರುವವರು ಕತ್ತಲಿರುವಾಗಲೇ ಮನೆ ಬಿಡಬೇಕು, ಕತ್ತಲಾದ ಮೇಲೆ ಮನೆ ಸೇರಬೇಕು. ಮಧ್ಯಾಹ್ನದ ಬಿಡುವು ಎಷ್ಟು ಚಿಕ್ಕದೆಂದರೆ ಕೈತೊಳೆದು ಬುತ್ತಿ ಬಿಚ್ಚಿ ಉಣ್ಣುವಷ್ಟರಲ್ಲಿ ಮತ್ತೆ ಒಳಗೆ ಓಡಬೇಕು. ಮೇಲಿನವರ ಬೈಗುಳ, ಹೊಡೆತ ಬೇರೆ.

ಆ ಭಾಗದ ಸೆಲ್ವಪತಿ ಚೆಟ್ಟಿಯಾರ್ ಮತ್ತು ರಾಮಾನುಜುಲು ನಾಯ್ಡು ಎಂಬ ಇಬ್ಬರು ವ್ಯಾಪಾರಿಗಳು ಧಾರ್ಮಿಕ ಸಭೆಯೊಂದನ್ನು ನಡೆಸುತ್ತಿದ್ದರು. ಹರಿಕಥೆ, ಉಪನ್ಯಾಸ ಕೇಳಲು ಬರುತ್ತಿದ್ದ ಗಿರಣಿಯವರು ತಮ್ಮ ಕಷ್ಟವನ್ನೂ ಅಲ್ಲೇ ತೋಡಿಕೊಳ್ಳುತ್ತಿದ್ದರು. ಇದಕ್ಕೆ ಏನಾದರೂ ಮಾಡಲೇಬೇಕೆಂದು ಆ ಇಬ್ಬರು 1918ರಲ್ಲಿ ನ್ಯೂ ಇಂಡಿಯಾ ಕಚೇರಿಗೆ ಹೋಗಿ ವಾಡಿಯಾ ಅವರನ್ನು ಕಂಡರು. ವಾಡಿಯಾ ಪತ್ರಿಕೆಯಲ್ಲಿ ಒಂದು ಲೇಖನ ಬರೆದು ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡದೆ ಪೆರಂಬೂರಿಗೇ ಹೋದರು. ಗೇಟಿನ ಬಳಿ ನಿಂತು, ಆಳುಗಳು ಒಳಗೆ ಹೋಗುವುದನ್ನೂ ಊಟಕ್ಕೆ ಓಡಿಬರುವುದನ್ನೂ ಕಣ್ಣಾರೆ ನೋಡಿದರು.

1918ರ ಏಪ್ರಿಲ್ 27ರಂದು ಮದರಾಸು ಲೇಬರ್ ಯೂನಿಯನ್ ಹುಟ್ಟಿತು. ವಾಡಿಯಾ ಅಧ್ಯಕ್ಷರಾದರು. ತಮಿಳಿನ ದೊಡ್ಡ ಬರಹಗಾರ ತಿರು. ವಿ. ಕಲ್ಯಾಣಸುಂದರನಾರ್ ಜೊತೆಗೆ ನಿಂತರು. ಇದಕ್ಕಿಂತ ಮುಂಚೆ ಮುಂಬಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲೇ ಗಿರಣಿ ಕಾರ್ಮಿಕರನ್ನು ಕೂಡಿಸಿದ್ದರು. ಆದರೆ ಸದಸ್ಯರ ಪಟ್ಟಿ, ಚಂದಾ, ನಿಯಮಾವಳಿ ಎಲ್ಲ ಇದ್ದು ಕ್ರಮಬದ್ಧವಾಗಿ ನಡೆದ ಮೊದಲ ಯೂನಿಯನ್ ಎಂದು ಮದರಾಸಿನ ಸಂಘವನ್ನೇ ಹೇಳುವುದು ರೂಢಿ.

ವಾಡಿಯಾ ಅವರಿಗೆ ತಮಿಳು ಬರುತ್ತಿರಲಿಲ್ಲ. ಅವರು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು, ಪಕ್ಕದಲ್ಲಿ ನಿಂತವರು ತಮಿಳಿಗೆ ಹೇಳುತ್ತಿದ್ದರು. ವಾರ ವಾರ ಸಭೆ ಸೇರುತ್ತಿತ್ತು. ಅಲ್ಲಿ ಅವರು ಹೇಳುತ್ತಿದ್ದದ್ದರ ಸಾರ ಸರಳ. ಒಬ್ಬೊಬ್ಬರೇ ಹೋಗಿ ಧಣಿಯ ಕಾಲು ಹಿಡಿಯಬೇಡಿ, ಎಲ್ಲರೂ ಸೇರಿ ಮರ್ಯಾದೆಯಿಂದ ಕೇಳಿ, ಕೈ ಎತ್ತಬೇಡಿ, ದುಡುಕಿ ಮುಷ್ಕರಕ್ಕೆ ಇಳಿಯಬೇಡಿ. ಆಗ ಮೊದಲ ಮಹಾಯುದ್ಧ ನಡೆಯುತ್ತಿತ್ತು, ಗಿರಣಿಯಲ್ಲಿ ಸೈನ್ಯಕ್ಕೆ ಖಾಕಿ ಬಟ್ಟೆ ತಯಾರಾಗುತ್ತಿತ್ತು. ಯುದ್ಧದ ಕಾಲದಲ್ಲಿ ಕೆಲಸ ನಿಲ್ಲಿಸುವುದು ಬೇಡವೆಂದು ಕಾರ್ಮಿಕರನ್ನು ತಡೆದವರು ವಾಡಿಯಾ ಅವರೇ. ಹಾಗಿದ್ದರೂ ಆ ವರ್ಷವೇ ಕಂಪನಿ ತಾನಾಗಿಯೇ ಗಿರಣಿಗೆ ಬೀಗ ಹಾಕಿತು. ಯೂನಿಯನ್ ಎಂದರೆ ಬರೀ ಗಲಾಟೆ ಎನ್ನುವವರು ಇದನ್ನು ಗಮನಿಸಬೇಕು.

ಸಂಘದ ಮಾತು ಸಮುದ್ರವನ್ನೂ ದಾಟಿತು. 1919ರಲ್ಲಿ ವಾಷಿಂಗ್ಟನ್‌ನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊದಲ ಸಮ್ಮೇಳನ ನಡೆದಾಗ ಭಾರತದ ಕಾರ್ಮಿಕರ ಪ್ರತಿನಿಧಿಯಾಗಿ ಎನ್.ಎಂ. ಜೋಶಿ ಹೋದರು, ಸಲಹೆಗಾರರಾಗಿ ವಾಡಿಯಾ ಹೋದರು. ದಿನಕ್ಕೆ ಎಂಟು ಗಂಟೆ ಕೆಲಸ ಎಂಬ ಒಪ್ಪಂದ ಮೂಡಿದ್ದು ಆ ಸಮ್ಮೇಳನದಲ್ಲಿ.

ಕೋರ್ಟಿನ ನೋಟಿಸು

1920ರ ಅಕ್ಟೋಬರಿನಲ್ಲಿ ಗಿರಣಿಯ ನೇಯ್ಗೆ ವಿಭಾಗದಲ್ಲಿ ಜಗಳ ಹೊತ್ತಿಕೊಂಡಿತು. ಕಂಪನಿ ಮತ್ತೆ ಬೀಗ ಹಾಕಿತು. ವಾರಗಳು ಕಳೆದವು, ಕಾರ್ಮಿಕರ ಮನೆಗಳಲ್ಲಿ ಒಲೆ ಉರಿಯುವುದು ಕಷ್ಟವಾಯಿತು. ಡಿಸೆಂಬರಿನಲ್ಲಿ ಪೊಲೀಸರು ಗುಂಡು ಹಾರಿಸಿದರು, ಸಾವಾಯಿತು. ಆದರೆ ಯೂನಿಯನ್ನಿನ ಬೆನ್ನು ಮುರಿದದ್ದು ಗುಂಡಲ್ಲ, ಒಂದು ದಾವೆ.

ಬಿನ್ನಿ ಕಂಪನಿ ಮದರಾಸು ಹೈಕೋರ್ಟಿಗೆ ಹೋಯಿತು. ಅದರ ವಾದ ಇಷ್ಟು: ಪ್ರತಿಯೊಬ್ಬ ಕೆಲಸಗಾರನೂ ನಮ್ಮ ಜೊತೆ ಕರಾರು ಮಾಡಿಕೊಂಡಿದ್ದಾನೆ, ಅದನ್ನು ಮುರಿಯುವಂತೆ ವಾಡಿಯಾ ಮತ್ತು ಸಂಘದ ಮುಖಂಡರು ಅವನಿಗೆ ಕುಮ್ಮಕ್ಕು ಕೊಟ್ಟಿದ್ದಾರೆ, ಆದ್ದರಿಂದ ನಮಗಾದ ನಷ್ಟವನ್ನು ಅವರೇ ತುಂಬಿಕೊಡಬೇಕು. ಕೋರ್ಟು ತಡೆಯಾಜ್ಞೆ ಕೊಟ್ಟಿತು. ಕಾರ್ಮಿಕರ ಪರವಾಗಿ ಬಾಯಿಬಿಟ್ಟರೆ ಕಾನೂನು ಮುರಿದಂತೆ ಎಂಬ ಸ್ಥಿತಿ ಬಂತು.

ಇಲ್ಲಿ ಒಂದು ವಿಚಿತ್ರ ನೋಡಿ. ಬ್ರಿಟನ್ನಿನಲ್ಲಿ 1906ರಲ್ಲೇ ಒಂದು ಕಾಯ್ದೆ ಬಂದಿತ್ತು. ಕೈಗಾರಿಕಾ ವಿವಾದದ ಸಂದರ್ಭದಲ್ಲಿ ಕೆಲಸದ ಕರಾರು ಮುರಿಯಲು ಪ್ರೇರೇಪಿಸಿದರು ಎಂಬ ಒಂದೇ ಕಾರಣಕ್ಕೆ ಯಾರ ಮೇಲೂ ದಾವೆ ಹಾಕುವಂತಿಲ್ಲ ಎಂದು ಅದು ಹೇಳುತ್ತಿತ್ತು. ಅಂದರೆ ಬ್ರಿಟಿಷ್ ಮಾಲೀಕ ತನ್ನ ದೇಶದಲ್ಲಿ ಯಾವುದನ್ನು ಮಾಡಲಾರನೋ ಅದನ್ನು ಮದರಾಸಿನಲ್ಲಿ ಧಾರಾಳವಾಗಿ ಮಾಡಬಹುದಿತ್ತು. ನಮ್ಮಲ್ಲಿ ಸಂಘ ಕಟ್ಟುವುದು ಅಪರಾಧವೆಂದು ಯಾವ ಕಾನೂನೂ ಹೇಳಿರಲಿಲ್ಲ. ಸಂಘವನ್ನು ಕಾಯುವ ಕಾನೂನೂ ಇರಲಿಲ್ಲ.

1921ರ ಆರಂಭದಲ್ಲಿ ರಾಜಿಯ ಮಾತು ಬಂತು. ವಾಡಿಯಾ ಯೂನಿಯನ್ನಿನಿಂದ ಪೂರ್ತಿ ದೂರವಾದರೆ ದಾವೆ ಹಿಂತೆಗೆದುಕೊಳ್ಳುತ್ತೇವೆ ಎಂದು ಕಂಪನಿ ಹೇಳಿತು. ಗಿರಣಿ ಮುಚ್ಚಿ ತಿಂಗಳುಗಳಾಗಿದ್ದವು. ಹಟ ಹಿಡಿದರೆ ಅವರ ಹೆಸರು ಉಳಿಯುತ್ತಿತ್ತು, ಹಸಿವು ಕಾರ್ಮಿಕರ ಮನೆಯಲ್ಲೂ ಉಳಿಯುತ್ತಿತ್ತು. ವಾಡಿಯಾ ಹಿಂದೆ ಸರಿದರು. ಗಿರಣಿ ತೆರೆಯಿತು. ಮುಂಚೂಣಿಯಲ್ಲಿದ್ದ ಕೆಲವು ಕಾರ್ಮಿಕರಿಗೆ ಮಾತ್ರ ಕೆಲಸ ಮರಳಿ ಸಿಗಲಿಲ್ಲ.

ಆಮೇಲೆ ನಡೆದದ್ದು ಇನ್ನೂ ದುಃಖದ ಕಥೆ. ಅದೇ ವರ್ಷ ಮತ್ತೆ ಮುಷ್ಕರವಾಯಿತು. ಈ ಸಲ ಕಾರ್ಮಿಕರು ಜಾತಿಯ ಮೇಲೆ ಒಡೆದುಹೋದರು. ಆದಿದ್ರಾವಿಡ ಕಾರ್ಮಿಕರಲ್ಲಿ ಹೆಚ್ಚಿನವರು ಮುಷ್ಕರದಿಂದ ಹೊರಗುಳಿದರು. ದಿನದ ಕೂಲಿ ತಪ್ಪಿದರೆ ಮರುದಿನಕ್ಕೆ ಗಂಜಿಯಿಲ್ಲದ, ಸಾಲ ಕೊಡುವವರೂ ಇಲ್ಲದ ಅವರ ಕಷ್ಟಕ್ಕೂ ಉಳಿದವರ ಕಷ್ಟಕ್ಕೂ ಅಂತರವಿತ್ತು. ಆ ಅಂತರವನ್ನು ಸಂಘ ತುಂಬಲಿಲ್ಲ. ಪುಳಿಯಂತೋಪಿನಲ್ಲಿ ಒಂದೇ ಗಿರಣಿಯಲ್ಲಿ ದುಡಿಯುತ್ತಿದ್ದವರ ನಡುವೆಯೇ ಘರ್ಷಣೆ ನಡೆದು ಗುಡಿಸಲುಗಳು ಸುಟ್ಟವು, ಗೋಲಿಬಾರ್ ಆಯಿತು. ತಿಂಗಳುಗಟ್ಟಲೆ ನಡೆದ ಮುಷ್ಕರ ಬರಿಗೈಯಲ್ಲಿ ಮುಗಿಯಿತು.

ಸೋಲಿನಿಂದ ಹುಟ್ಟಿದ ಕಾನೂನು

ಆದರೆ ಮದರಾಸಿನ ದಾವೆ ದೇಶದ ಕಣ್ಣು ತೆರೆಸಿತ್ತು. ಇವತ್ತು ವಾಡಿಯಾ, ನಾಳೆ ಯಾರು ಬೇಕಾದರೂ ಆಗಬಹುದು ಎಂದು ಎಲ್ಲ ಕಡೆಯ ಕಾರ್ಮಿಕ ಮುಖಂಡರಿಗೂ ಅರ್ಥವಾಯಿತು. 1921ರ ಮಾರ್ಚಿನಲ್ಲಿ ಎನ್.ಎಂ. ಜೋಶಿ ಕೇಂದ್ರ ಶಾಸನ ಸಭೆಯಲ್ಲಿ ಯೂನಿಯನ್ನುಗಳ ನೋಂದಣಿಗೂ ರಕ್ಷಣೆಗೂ ಕಾನೂನು ಬೇಕೆಂದು ನಿರ್ಣಯ ಮಂಡಿಸಿದರು. ಐದು ವರ್ಷ ಎಳೆದಾಡಿ ಕೊನೆಗೆ 1926ರಲ್ಲಿ ಭಾರತೀಯ ಕಾರ್ಮಿಕ ಸಂಘಗಳ ಕಾಯ್ದೆ ಅಂಗೀಕಾರವಾಯಿತು, 1927ರ ಜೂನ್ 1ರಿಂದ ಜಾರಿಗೆ ಬಂತು. ಏಳು ಜನ ಸೇರಿ ನೋಂದಣಿಗೆ ಅರ್ಜಿ ಹಾಕಬಹುದು ಎಂದಿತು ಆ ಕಾಯ್ದೆ. ವಿವಾದದ ಸಂದರ್ಭದಲ್ಲಿ ಕರಾರು ಮುರಿಯಲು ಪ್ರೇರೇಪಿಸಿದರು ಎಂಬ ಕಾರಣಕ್ಕೆ ನೋಂದಾಯಿತ ಯೂನಿಯನ್ ಮೇಲಾಗಲಿ ಅದರ ಪದಾಧಿಕಾರಿಗಳ ಮೇಲಾಗಲಿ ದಾವೆ ನಡೆಯದು ಎಂದೂ ಹೇಳಿತು. ವಾಡಿಯಾ ಅವರ ಮೇಲೆ ಬೀಸಿದ ಕತ್ತಿಯನ್ನು ಆ ಒಂದು ಕಲಮು ಕಿತ್ತುಕೊಂಡಿತು.

ಆ ಹೊತ್ತಿಗೆ ವಾಡಿಯಾ ಬೇರೆ ದಾರಿಯಲ್ಲಿದ್ದರು. 1922ರಲ್ಲಿ ಥಿಯಾಸಫಿಕಲ್ ಸೊಸೈಟಿಯನ್ನು ಬಿಟ್ಟು ಯುನೈಟೆಡ್ ಲಾಡ್ಜ್ ಆಫ್ ಥಿಯಾಸಫಿಸ್ಟ್ಸ್ ಸೇರಿ, ಅಮೆರಿಕ, ಯೂರೋಪುಗಳಲ್ಲಿ ಕೆಲಸ ಮಾಡಿ 1929ರಲ್ಲಿ ಭಾರತಕ್ಕೆ ಮರಳಿದರು. ಪತ್ನಿ ಸೋಫಿಯಾ ವಾಡಿಯಾ ಬರಹಗಾರರ ಸಂಸ್ಥೆಯಾದ ಪೆನ್‌ನ ಭಾರತ ಶಾಖೆಯನ್ನು ಕಟ್ಟಿದರು. 1945ರಲ್ಲಿ ಇಬ್ಬರೂ ಸೇರಿ ಬಸವನಗುಡಿಯ ಸಂಸ್ಥೆಯನ್ನು ಆರಂಭಿಸಿದರು. 1958ರ ಆಗಸ್ಟ್ 20ರಂದು ವಾಡಿಯಾ ಬೆಂಗಳೂರಿನಲ್ಲೇ ತೀರಿಕೊಂಡರು.

ನಮ್ಮ ಕಾಲದ ಗೇಟು

ಇವತ್ತಿನ ಡೆಲಿವರಿ ಕೆಲಸಕ್ಕೆ ಗೇಟಿಲ್ಲ, ಸೈರನ್ನಿಲ್ಲ, ಮೇಸ್ತ್ರಿಯೂ ಇಲ್ಲ. ಎಲ್ಲವೂ ಆ್ಯಪಿನಲ್ಲಿದೆ. ಯಾರಿಗೆ ಯಾವ ಆರ್ಡರ್, ಕಿಲೋಮೀಟರಿಗೆ ಎಷ್ಟು, ಇನ್ಸೆಂಟಿವ್ ಸಿಗಲು ಎಷ್ಟು ಹೊತ್ತು ಲಾಗಿನ್ ಆಗಿರಬೇಕು ಎಲ್ಲವನ್ನೂ ಅದೇ ತೀರ್ಮಾನಿಸುತ್ತದೆ. ಬೆಳಿಗ್ಗೆ ಏಳುವಷ್ಟರಲ್ಲಿ ದರ ಬದಲಾಗಿರಬಹುದು, ಐ.ಡಿ. ಬ್ಲಾಕ್ ಆಗಿರಬಹುದು. ಏಕೆಂದು ಕೇಳಲು ಮನುಷ್ಯರೇ ಸಿಗುವುದಿಲ್ಲ. ಬಿ.ಇ. ಓದುವ ನಮ್ಮಂಥವರಿಗೆ ಒಂದು ವಿಷಯ ಗೊತ್ತಿರುತ್ತದೆ. ಆ್ಯಪ್ ತಾನಾಗಿ ಏನನ್ನೂ ತೀರ್ಮಾನಿಸುವುದಿಲ್ಲ, ಯಾರೋ ಬರೆದ ನಿಯಮವನ್ನು ಪಾಲಿಸುತ್ತದೆ. ನಿಯಮ ಬರೆಯುವವರು ಇದ್ದಾರೆಂದ ಮೇಲೆ ಅವರ ಎದುರು ಕೂತು ಮಾತಾಡುವವರೂ ಇರಬೇಕು. ಒಬ್ಬ ರೈಡರ್ ಹೋಗಿ ಹಾಗೆ ಕೂರಲಾರ.

ಕಂಪನಿಗಳು ಇವರನ್ನು ಕಾರ್ಮಿಕರು ಎನ್ನುವುದಿಲ್ಲ, ಪಾರ್ಟ್ನರ್ ಎನ್ನುತ್ತವೆ. ಕಾರ್ಮಿಕ ಕಾನೂನುಗಳ ಬಹುಪಾಲು ಸೌಲಭ್ಯ ಆ ಒಂದು ಪದದಿಂದಾಗಿ ಕೈತಪ್ಪುತ್ತದೆ. ಬಿನ್ನಿ ಕಂಪನಿಯೂ ಒಬ್ಬೊಬ್ಬನ ಕರಾರನ್ನೇ ಮುಂದಿಟ್ಟಿತ್ತು ಎಂಬುದನ್ನು ನೆನೆಯಿರಿ. ಆ್ಯಪ್ ಆಧಾರಿತ ಸಾರಿಗೆ ಕೆಲಸಗಾರರ ಒಕ್ಕೂಟವೊಂದು 2019ರಲ್ಲಿ ಹುಟ್ಟಿ, ನಮಗೂ ಸಾಮಾಜಿಕ ಭದ್ರತೆ ಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದೆ. ನೀತಿ ಆಯೋಗದ 2022ರ ವರದಿಯಂತೆ 2020-21ರಲ್ಲಿ ದೇಶದಲ್ಲಿ 77 ಲಕ್ಷ ಗಿಗ್ ಕೆಲಸಗಾರರಿದ್ದರು, 2029-30ರ ಹೊತ್ತಿಗೆ 2.35 ಕೋಟಿ ಆಗಬಹುದು.

ಸರ್ಕಾರ ಈಗ ಕಾನೂನು ಮಾಡಿದೆಯಲ್ಲ, ಯೂನಿಯನ್ ಏಕೆ ಎಂದು ಕೇಳುವವರಿದ್ದಾರೆ. ನಿಜ, 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ ಕಾಯ್ದೆ ತಂದಿದೆ. ಪ್ರತಿ ವಹಿವಾಟಿನಲ್ಲಿ ಕೆಲಸಗಾರನಿಗೆ ಕೊಡುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ಕೆಲಸದಿಂದ ತೆಗೆಯುವ ಮುಂಚೆ 14 ದಿನಗಳ ನೋಟಿಸು ಮತ್ತು ಕಾರಣ, ಕಲ್ಯಾಣ ಮಂಡಳಿಯಲ್ಲಿ ಕೆಲಸಗಾರರ ಪ್ರತಿನಿಧಿಗಳು, ಇವೆಲ್ಲ ಅದರಲ್ಲಿವೆ. ಆದರೆ ನೋಟಿಸು ಬಾರದೆ ಐ.ಡಿ. ಬ್ಲಾಕ್ ಆದರೆ ಹುಡುಗನೊಬ್ಬ ಎಷ್ಟು ಕಚೇರಿ ಅಲೆಯುತ್ತಾನೆ? ಅಲೆದ ದಿನದ ಸಂಪಾದನೆ ಯಾರು ಕೊಡುತ್ತಾರೆ? ಮಂಡಳಿಯಲ್ಲಿ ಕೂರುವ ಪ್ರತಿನಿಧಿ ಯಾರ ಮಾತು ಕೇಳಿ ಅಲ್ಲಿ ಮಾತಾಡುತ್ತಾನೆ? ಹಿಂದೆ ಸಂಘವಿದ್ದರೆ ಮಾತ್ರ ಕಾಗದದ ಹಕ್ಕು ಕೈಗೆ ಬರುತ್ತದೆ.

ನಾವು ಆರು ತಿಂಗಳಿಗೆ ಬಂದವರು, ನಮಗೇಕೆ ಎನ್ನುವ ಮಾತೂ ಇದೆ. ಆರು ತಿಂಗಳಲ್ಲಿ ಒಂದು ಅಪಘಾತವಾಗಲು ಒಂದು ಮಳೆಗಾಲ ಸಾಕು. ಅಲ್ಲದೆ ಹೋದವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ, ಅವನೂ ಆರು ತಿಂಗಳಿನವನೇ. ಹೀಗೆ ಎಲ್ಲರೂ ತಾತ್ಕಾಲಿಕದವರಾದರೆ ದರ ಇಳಿಸುವವರಿಗೆ ಮಾತ್ರ ಅದು ಕಾಯಂ ಅನುಕೂಲ.

ಯೂನಿಯನ್ ಸೇರಿದರೆ ಕೆಲಸ ಹೋಗಬಹುದು ಎಂಬ ಭಯ ಸುಳ್ಳಲ್ಲ. 1921ರಲ್ಲೂ ಮುಂದೆ ನಿಂತವರು ಕೆಲಸ ಕಳೆದುಕೊಂಡರು. ಮುಖಂಡರು ತಮ್ಮ ರಾಜಕೀಯಕ್ಕೆ ಸಂಘವನ್ನು ಬಳಸಿಕೊಳ್ಳುತ್ತಾರೆ ಎಂಬ ಅನುಮಾನಕ್ಕೂ ಆಧಾರವಿದೆ. ಇದಕ್ಕೆ ಮದ್ದು ದೂರ ಉಳಿಯುವುದಲ್ಲ, ಒಳಗೆ ಹೋಗಿ ಲೆಕ್ಕ ಕೇಳುವುದು. ಮದರಾಸಿನ ಕಥೆ ಎರಡು ಎಚ್ಚರಿಕೆ ಕೊಡುತ್ತದೆ. ಸಂಘ ಒಬ್ಬ ನಾಯಕನ ಮೇಲೆ ನಿಂತರೆ ಅವನನ್ನು ತೆಗೆದ ದಿನ ಅದು ಕುಸಿಯುತ್ತದೆ. ಆದ್ದರಿಂದ ಚುನಾವಣೆ, ಚಂದಾ, ಲೆಕ್ಕಪತ್ರ, ಮಾತುಕತೆ ಎಲ್ಲವೂ ರೈಡರುಗಳ ಕೈಯಲ್ಲೇ ಇರಬೇಕು. ಎರಡನೆಯದು, ತೀರಾ ಬಡವನಾದ ಸದಸ್ಯನ ಕಷ್ಟವನ್ನು ಮರೆತ ಸಂಘ ಮೊದಲ ಏಟಿಗೇ ಒಡೆಯುತ್ತದೆ. ಇವತ್ತು ಆ ಸದಸ್ಯ ಬಾಡಿಗೆ ಗಾಡಿಯಲ್ಲಿ ಓಡುವ ಹೊರರಾಜ್ಯದ ಹುಡುಗನಿರಬಹುದು, ರಾತ್ರಿ ಪಾಳಿ ಮಾಡಲಾಗದ ಹೆಣ್ಣುಮಗಳಿರಬಹುದು. ಮುಷ್ಕರಕ್ಕೆ ಕರೆ ಕೊಡುವ ಮುಂಚೆ ಅವರ ಮನೆಯ ಅಕ್ಕಿಯ ಲೆಕ್ಕ ಹಾಕಬೇಕು.

ಸಂಘ ಕಟ್ಟುವ ಹಕ್ಕು ಈಗ ಸಂವಿಧಾನದ 19ನೇ ವಿಧಿಯಲ್ಲಿದೆ. 2025ರ ನವೆಂಬರ್ 21ರಿಂದ 1926ರ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧ ಸಂಹಿತೆ ಬಂದಿದೆ, ದಾವೆಯಿಂದ ಯೂನಿಯನ್ನಿಗೆ ಇದ್ದ ರಕ್ಷಣೆ ಅದರಲ್ಲೂ ಇದೆ. ವಾಡಿಯಾ ಅವರಿಗೆ ಇವೆರಡೂ ಇರಲಿಲ್ಲ. ಅವು ಇಲ್ಲದೆಯೇ ಅವರು ಪೆರಂಬೂರಿನ ಗೇಟಿನ ಮುಂದೆ ನಿಂತರು, ಸೋತರು. ಆ ಸೋಲಿನ ಫಲ ನಮ್ಮ ಕೈಯಲ್ಲಿದೆ. ಡೆಲಿವರಿ ಕೆಲಸಗಾರರು ಯೂನಿಯನ್ ಸೇರಬೇಕೇ ಎಂದು ಕೇಳಿದರೆ ನನ್ನ ಉತ್ತರ ಹೌದು. ಸೇರಬೇಕು, ಸೇರಿದ ಮೇಲೆ ವಾರಕ್ಕೊಮ್ಮೆ ಸಭೆಗೂ ಹೋಗಬೇಕು.